ತಕ್ಕಡಿಯಲ್ಲಿ ಜ್ವರ ಅಳೆಯಬಹುದೇ?

ಮೊನ್ನೆ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಹುಮನಾಬಾದ್ ತಾಲ್ಲೂಕಿನ ರೈತನ ಮಗ. ವಿದೇಶದಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿತ್ತು, ವೀಸಾ ಸಿಗಲಿಲ್ಲ. 'ಓದಿ ವಾಪಸ್ ಬರ್ತೀನಂದ್ರ ಅವರು ನಂಬಲಿಲ್ರಿ ಸರ್' ಎಂದ. ಪಕ್ಕದಲ್ಲಿದ್ದ ತಂದೆ ಕೇಳಿದರು: 'ಬಡವರು ಸುಳ್ಳು ಹೇಳ್ತಾರಂತ ಅವರಿಗೆ ಯಾರ್ ಹೇಳ್ಯಾರ್ರಿ ಸರ್?'

ನಿಯಮಗಳನ್ನು ನೋಡೋಣ. ಅಮೆರಿಕದ 1952ರ ವಲಸೆ ಕಾಯ್ದೆಯ 214(ಬಿ) ಕಲಮಿನಂತೆ, ವಿದ್ಯಾರ್ಥಿ ವೀಸಾ ಕೇಳುವವನನ್ನು ಮೊದಲು ಅಲ್ಲೇ ನೆಲೆಸಲು ಬಂದವನೆಂದೇ ಭಾವಿಸಲಾಗುತ್ತದೆ. ಹಾಗಲ್ಲವೆಂದು ಮನಗಾಣಿಸುವ ಹೊಣೆ ಅರ್ಜಿದಾರನದು. ತಿರಸ್ಕೃತವಾದರೆ ಮೇಲ್ಮನವಿ ಇಲ್ಲ. 2023ರಲ್ಲಿ 160ರಿಂದ 185 ಡಾಲರಿಗೆ ಏರಿದ ಅರ್ಜಿ ಶುಲ್ಕವೂ ಮರಳುವುದಿಲ್ಲ. ಇನ್ನು ಕೆನಡಾ, ಬೋಧನಾ ಶುಲ್ಕ ಬಿಟ್ಟು ಒಂದು ವರ್ಷದ ಜೀವನ ವೆಚ್ಚಕ್ಕೆಂದೇ ತೋರಿಸಬೇಕಾದ ಹಣವನ್ನು 2024ರ ಜನವರಿಯಲ್ಲಿ 10,000ದಿಂದ 20,635 ಕೆನಡಾ ಡಾಲರಿಗೆ ಏರಿಸಿತು.

ಇಲ್ಲಿ ಎರಡು ಪ್ರಶ್ನೆಗಳಿವೆ. ಓದುವಷ್ಟು ಕಾಲ ಹೊಟ್ಟೆಬಟ್ಟೆಗೆ ಹಣವಿದೆಯೇ? ಓದು ಮುಗಿದ ಮೇಲೆ ಮರಳುವನೇ? ಮೊದಲನೆಯದು ನ್ಯಾಯವಾದದ್ದೇ. ಪರದೇಶದಲ್ಲಿ ಮಗ ಉಪವಾಸ ಬೀಳುವುದು ಯಾವ ಪಾಲಕರಿಗೆ ಬೇಕು? ಅವಧಿ ಮೀರಿ ಉಳಿಯುವವರೂ ಇದ್ದಾರೆ. ತನ್ನ ಬಾಗಿಲು ಕಾಯುವ ಹಕ್ಕು ಪ್ರತಿ ದೇಶಕ್ಕೂ ಇದೆ.

ಆದರೆ ಎರಡನೆಯದಕ್ಕೂ ಪಾಸ್‌ಬುಕ್ಕಿನಲ್ಲಿ ಉತ್ತರ ಹುಡುಕುವುದು ತಕ್ಕಡಿಯಲ್ಲಿ ಜ್ವರ ಅಳೆದಂತೆ. ತಕ್ಕಡಿ ಸರಿಯಾಗಿಯೇ ಇರಬಹುದು, ಅದು ಅಳೆಯುವುದು ಮಾತ್ರ ಬೇರೆಯದನ್ನು. ನಮ್ಮ ಭಾಗದ ರೈತನ ಕೈಯಲ್ಲಿ ತೊಗರಿ ಮಾರಿದಾಗ ಹಣ, ಬಿತ್ತನೆಯ ಹೊತ್ತಿಗೆ ಸಾಲ. ಹೊರಗಿನ ಸಂಬಳದ ಸೆಳೆತ ಬಡವನಿಗೇ ಹೆಚ್ಚೆಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ನಾಲ್ಕು ಎಕರೆ ಹೊಲ, ವಯಸ್ಸಾದ ಅವ್ವ, ಮದುವೆಗೆ ಬಂದ ತಂಗಿ ಎಳೆಯುವುದೂ ಅವನನ್ನೇ. ಹಣವುಳ್ಳವನು ಮರಳುತ್ತಾನೆಂಬ ಖಾತರಿಯಾದರೂ ಎಲ್ಲಿದೆ? ಕೆಲವೇ ನಿಮಿಷಗಳ ಸಂದರ್ಶನದಲ್ಲಿ ಹೊಲ, ಅವ್ವ, ತಂಗಿ ಕಾಣುವುದಿಲ್ಲ. ಅಂಕಿ ಕಾಣುತ್ತದೆ.

12ನೆಯ ಶತಮಾನದಲ್ಲಿ ಕಾಶ್ಮೀರದ ಅರಸನೊಬ್ಬ ಇದೇ ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರುತ್ತ ಮೋಳಿಗೆಯ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ತಲೆಯ ಮೇಲೆ ಕಟ್ಟಿಗೆಯ ಹೊರೆ ಇದ್ದವನನ್ನು ಕಲ್ಯಾಣ ಅಳೆದದ್ದು ಕಾಯಕದಿಂದ.

ವಿದ್ಯಾರ್ಥಿಗಳಿಗೊಂದು ಮಾತು. ನಿಯಮ ಅನ್ಯಾಯವೆನಿಸಿತೆಂದು ದಲ್ಲಾಳಿಗಳ ಬಾಡಿಗೆ ಹಣ ತೋರಿಸಲು ಹೋಗಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾದಲ್ಲಿ 5 ವರ್ಷ ಪ್ರವೇಶವಿಲ್ಲ. ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ವಿದ್ಯಾರ್ಥಿವೇತನದ ಪತ್ರ, ಬ್ಯಾಂಕಿನ ಶಿಕ್ಷಣ ಸಾಲದ ಮಂಜೂರಾತಿ ಕೂಡ ಹಣದ ಪುರಾವೆಯೇ. ಪರಿಶಿಷ್ಟ ಜಾತಿಯವರಿಗೆ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಪಾಲಕರು ಒಂದು ವರ್ಷ ಮೊದಲೇ ವಿಚಾರಿಸಬೇಕು.

ಆ ತಂದೆಗೆ ಬಸ್ಸು ಬರುವ ಮೊದಲು ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ: ಅವರಿಗೆ ಯಾರೂ ಹೇಳಿಲ್ಲ, ಅವರೇ ಊಹಿಸಿಕೊಂಡಿದ್ದಾರೆ. ಪರೀಕ್ಷಿಸದ ಊಹೆಯನ್ನು ನಿಯಮವೆಂದು ಬರೆದರೆ ಎಂಟನೆಯ ತರಗತಿಯ ಉತ್ತರಪತ್ರಿಕೆಯಲ್ಲೂ ನಾನು ಅಂಕ ಕೊಡುವುದಿಲ್ಲ.