ಕೊಳೆರೋಗಕ್ಕೆ ಮದ್ದು ತಂದ ಕೋಲ್ಮನ್

ಮುಂಗಾರು ಹಿಡಿಯುವ ಮುನ್ನ ತೀರ್ಥಹಳ್ಳಿ, ಕೊಪ್ಪ, ಸಾಗರ, ಶಿರಸಿಯ ಕಡೆ ಅಡಿಕೆ ಬೆಳೆಗಾರರು ಎದುರಾದರೆ ಮೊದಲು ಕೇಳುವ ಪ್ರಶ್ನೆ, ‘ಮದ್ದು ಹೊಡೆದಾಯ್ತಾ?’ ಒಂದು ಡ್ರಮ್ಮಿನಲ್ಲಿ ಮೈಲುತುತ್ತ ಕರಗುತ್ತಿರುತ್ತದೆ, ಇನ್ನೊಂದರಲ್ಲಿ ಸುಣ್ಣದ ತಿಳಿ ಸಿದ್ಧವಾಗಿರುತ್ತದೆ. ಎರಡನ್ನೂ ಹದವಾಗಿ ಬೆರೆಸಿದಾಗ ಬರುವ ಆಕಾಶನೀಲಿ ದ್ರಾವಣವನ್ನು ಕೊನೆಗೌಡ ಮರ ಹತ್ತಿ ಗೊನೆಗೊನೆಗೂ ಸಿಂಪಡಿಸುತ್ತಾನೆ. ನಲವತ್ತು-ನಲವತ್ತೈದು ದಿನ ಕಳೆದ ಮೇಲೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ. ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಕೆಲಸ ಹೆಚ್ಚುಕಡಿಮೆ ಇದೇ ರೀತಿ ನಡೆದುಬಂದಿದೆ. ಇದನ್ನು ಮಲೆನಾಡಿಗೆ ಕಲಿಸಿದವರು ಯಾರು ಎಂದು ಕೇಳಿದರೆ ಹೇಳಬಲ್ಲವರು ಬಹಳ ಕಡಿಮೆ.

ಅವರ ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಹಾಗೂ ಕೀಟ ತಜ್ಞರಾಗಿ ಬಂದರು. ಆಗ ಅವರಿಗೆ ಮೂವತ್ತು ವರ್ಷ. ಮೈಸೂರಿನ ಕೆಲಸ ಬಿಟ್ಟು ಹೊರಟದ್ದು 1934ರಲ್ಲಿ. ಊರೂರಲ್ಲಿ ವಿಶ್ವೇಶ್ವರಯ್ಯನವರ ಪ್ರತಿಮೆಗಳಿವೆ, ಮಿರ್ಜಾ ಇಸ್ಮಾಯಿಲ್ ಅವರ ಹೆಸರಿನ ರಸ್ತೆಗಳಿವೆ. ಆ ಇಬ್ಬರು ದಿವಾನರ ಕಾಲದಲ್ಲೂ ಸಂಸ್ಥಾನದ ಹೊಲ, ಗದ್ದೆ, ತೋಟಗಳ ಕಷ್ಟಕ್ಕೆ ಉತ್ತರ ಹುಡುಕುತ್ತಿದ್ದ ಈ ಮನುಷ್ಯನನ್ನು ಮಾತ್ರ ಕೃಷಿ ವಿಜ್ಞಾನಿಗಳ ವಲಯದ ಹೊರಗೆ ನೆನೆಯುವವರು ವಿರಳ.

ಕೊಳೆರೋಗದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಜಿಟಿಜಿಟಿ ಮಳೆ ನಿಲ್ಲದೆ ಸುರಿಯುತ್ತ, ನಡುವೆ ಒಂದಿಷ್ಟು ಬಿಸಿಲು ಬಂದು ಮರೆಯಾಗುವ ದಿನಗಳಲ್ಲಿ ಎಳೆ ಅಡಿಕೆಯ ಹಸಿರು ಹೊಳಪು ಕಳೆದುಹೋಗುತ್ತದೆ. ಕಾಯಿಯ ಮೇಲೆ ನೀರಲ್ಲಿ ನೆನೆದಂಥ ಕಲೆ ಬೀಳುತ್ತದೆ, ಆಮೇಲೆ ಬಿಳಿ ಬೂಷ್ಟು ಹಬ್ಬುತ್ತದೆ. ನೋಡನೋಡುತ್ತಿದ್ದಂತೆ ಮರದ ಬುಡದ ತುಂಬ ಕೊಳೆತ ಕಾಯಿ. ವರ್ಷದ ಗಳಿಕೆ, ಮಗಳ ಮದುವೆಯ ಖರ್ಚು, ಸಾಲದ ಕಂತು ಎಲ್ಲವೂ ಒಂದೇ ಮಳೆಗಾಲದಲ್ಲಿ ನೆಲಕ್ಕೆ ಉದುರಿದ ಕುಟುಂಬಗಳು ಎಷ್ಟೋ ಇವೆ. ಬೆಳೆಗಾರರೇನೂ ಸುಮ್ಮನೆ ಕೈಕಟ್ಟಿ ಕುಳಿತಿರಲಿಲ್ಲ. ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು, ಮಳೆಗೆ ಮುನ್ನವೇ ಗೊನೆಗಳಿಗೆ ಹೊದಿಸುವ ಪದ್ಧತಿ ಅವರಲ್ಲಿತ್ತು. ಜಾಣ ಉಪಾಯವೇ ಸರಿ, ನೀರು ತಾಗದಿದ್ದರೆ ರೋಗವೂ ತಾಗದು. ಆದರೆ ಸಾವಿರಾರು ಮರಗಳ ತೋಟದಲ್ಲಿ ಅಷ್ಟೂ ಗೊನೆಗಳಿಗೆ ಕೊಟ್ಟೆ ಕಟ್ಟಲು ಬೇಕಾಗುವ ಹುಲ್ಲು, ಆಳು, ಹೊತ್ತು ಎಲ್ಲಿಂದ ತರುವುದು?

ಕೋಲ್ಮನ್ ಮೊದಲು ಮಾಡಿದ್ದು ರೋಗಕಾರಕ ಯಾವುದೆಂದು ಪತ್ತೆಹಚ್ಚುವ ಕೆಲಸ. ಅದು ಫೈಟಾಫ್ತೊರಾ ಕುಲಕ್ಕೆ ಸೇರಿದ್ದೆಂದು ವಿವರಿಸಿ 1910ರಲ್ಲಿ ಪ್ರಕಟಿಸಿದರು. ಹತ್ತೊಂಬತ್ತನೇ ಶತಮಾನದ ನಡುವೆ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ಬರಗಾಲ ತಂದದ್ದೂ ಇದೇ ಕುಲದ ಇನ್ನೊಂದು ಜೀವಿ. ಕೊಳೆರೋಗ ತರುವ ಜೀವಿಯ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಆದ್ದರಿಂದಲೇ ಮಳೆ ಎಂದರೆ ಇದಕ್ಕೆ ಹಬ್ಬ. ಇದನ್ನು ತಡೆಯುವ ಮದ್ದಿನ ಸುಳಿವು ದೂರದ ನಾಡಿನಲ್ಲಿತ್ತು. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದ್ರಾಕ್ಷಿ ಕದಿಯುವವರು ಹೇಸಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ಬಾರದ್ದನ್ನು ಮಿಯಾರ್ದೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಆ ಮಿಶ್ರಣದ ಗುಣವನ್ನು ಲೋಕಕ್ಕೆ ತಿಳಿಸಿದ್ದರು. ಕೋಲ್ಮನ್ ಅದನ್ನು ಮಲೆನಾಡಿಗೆ ತಂದರು.

ತಂದರು ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅವರ ಶ್ರಮಕ್ಕೆ ಅನ್ಯಾಯವಾಗುತ್ತದೆ. ದ್ರಾಕ್ಷಿ ಬಳ್ಳಿ ಆಳೆತ್ತರದ್ದು, ಫ್ರಾನ್ಸಿನ ಮಳೆ ಹದವಾದದ್ದು. ಇಲ್ಲಿ ಗೊನೆ ಇರುವುದು ಮರದ ತುದಿಯಲ್ಲಿ, ಮಳೆಯಂತೂ ತಿಂಗಳುಗಟ್ಟಲೆ ಬಿಡದೆ ಹೊಯ್ಯುತ್ತದೆ. ಸಿಂಪಡಿಸಿದ ಮದ್ದು ಎರಡು ದಿನದಲ್ಲಿ ತೊಳೆದುಹೋದರೆ ಫಲವೇನು? ಹಾಗಾಗಿ ದ್ರಾವಣಕ್ಕೆ ರಾಳ ಮತ್ತು ಸೋಡಾ ಸೇರಿದ ಅಂಟು ಬೆರೆಸಿ, ಕಾಯಿಯ ಮೈಮೇಲೆ ತಾಮ್ರದ ತೆಳು ಪದರ ನಿಲ್ಲುವಂತೆ ಮಾಡಬೇಕಾಯಿತು. ಇದು ಬಂದ ರೋಗವನ್ನು ವಾಸಿ ಮಾಡುವ ಮದ್ದಲ್ಲ, ಬಾರದಂತೆ ತಡೆಯುವ ಮದ್ದು. ಮಳೆಗೆ ಮುಂಚೆ ಹೊಡೆದರಷ್ಟೇ ಪ್ರಯೋಜನ ಎಂಬುದನ್ನೂ ಬೆಳೆಗಾರರಿಗೆ ಮನವರಿಕೆ ಮಾಡಿಕೊಡಬೇಕಾಯಿತು. ತಲೆತಲಾಂತರದಿಂದ ಕೊಟ್ಟೆ ಕಟ್ಟಿಕೊಂಡು ಬಂದ ಜನ, ಕಣ್ಣಿಗೆ ಕಾಣದ ಶತ್ರುವಿನ ವಿರುದ್ಧ ರೋಗವೇ ಇಲ್ಲದ ಕಾಯಿಗೆ ವಿಷ ಹೊಡೆಯಿರಿ ಎಂದರೆ ಒಪ್ಪುವುದು ಸುಲಭವಲ್ಲ. ಒಪ್ಪಿಸಿದ್ದು ಭಾಷಣದಿಂದಲ್ಲ, ಅವರದೇ ತೋಟಗಳಲ್ಲಿ ಮಾಡಿ ತೋರಿಸಿದ್ದರಿಂದ.

ಇಲ್ಲಿಯೇ ಕೋಲ್ಮನ್ನರ ನಿಜವಾದ ದೊಡ್ಡತನ ಕಾಣುತ್ತದೆ. ರೋಗದ ಹೆಸರು ಪತ್ತೆಹಚ್ಚಿ ಪ್ರಬಂಧ ಬರೆದು ಕೀರ್ತಿ ಪಡೆದ ವಿಜ್ಞಾನಿಗಳು ಆ ಕಾಲದ ಇಂಡಿಯಾದಲ್ಲಿ ಕಡಿಮೆಯಿರಲಿಲ್ಲ. ಪ್ರಯೋಗಶಾಲೆಯಿಂದ ಹೊಲದವರೆಗಿನ ಅಷ್ಟೂ ದಾರಿಯನ್ನು ತಾವೇ ನಡೆದು, ಆ ದಾರಿ ತಾವು ಹೋದ ಮೇಲೂ ಉಳಿಯುವಂತೆ ಸಂಸ್ಥೆಗಳನ್ನು ಕಟ್ಟಿದವರು ಕಡಿಮೆ.

1913ರಲ್ಲಿ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. 1946ರಲ್ಲಿ ಅಲ್ಲಿ ಕಾಲೇಜು ಬಂತು, 1960ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡದ್ದು ಆ ಬೇರಿನಿಂದಲೇ. ಅದೇ ಹೆಬ್ಬಾಳದಿಂದ 1918ರಲ್ಲಿ ಎಚ್-22 ಎಂಬ ರಾಗಿ ತಳಿ ಹೊರಬಂತು. ಬ್ರಿಟಿಷರ ಕಾಲದಲ್ಲಿ ಸರ್ಕಾರಿ ಸಂಶೋಧನೆ ಎಂದರೆ ಹತ್ತಿ, ಕಬ್ಬು, ಗೋಧಿಯಂಥ ವ್ಯಾಪಾರದ ಬೆಳೆಗಳಿಗೇ ಮೊದಲ ಮಣೆ. ಮೈಸೂರಿನ ಬಡವರ ಹೊಟ್ಟೆ ತುಂಬಿಸುವ ರಾಗಿಯನ್ನು ಕೋಲ್ಮನ್ ಕೂಲಂಕಷವಾಗಿ ಅಧ್ಯಯನ ಮಾಡಿದರು. ಅದರ ಬೇಸಾಯದ ಬಗ್ಗೆಯೇ 1920ರಲ್ಲಿ ಇಲಾಖೆಯಿಂದ ಅವರ ಪುಸ್ತಿಕೆ ಬಂತು. ಮುಂದೆ ಇಂಡಾಫ್ ತಳಿಗಳಿಂದ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದವರ ಸಾಧನೆಯನ್ನು ನಾಡು ನೆನೆಯುತ್ತದೆ, ನೆನೆಯಲೇಬೇಕು. ಆ ಸಾಲಿನ ಮೊದಲ ಹೆಜ್ಜೆ ಎಚ್-22 ಎಂಬುದೂ ಮರೆಯಬಾರದು.

ಕಾಫಿಯದೂ ಅಂಥದೇ ಕಥೆ. ಎಲೆತುಕ್ಕು ರೋಗ ಮತ್ತು ಕಾಂಡಕೊರಕದಿಂದ ಚಿಕ್ಕಮಗಳೂರು ಸೀಮೆಯ ತೋಟಗಳು ಬಸವಳಿದಿದ್ದಾಗ, 1915ರಲ್ಲಿ ಕೋಲ್ಮನ್ ಕೊಪ್ಪ ತಾಲ್ಲೂಕಿನಲ್ಲಿ ಒಂದು ತಾತ್ಕಾಲಿಕ ಪ್ರಯೋಗ ಕೇಂದ್ರ ತೆರೆದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಅದಕ್ಕೆ ಕಾಯಂ ನೆಲೆ ಸಿಕ್ಕಿತು. ಎಲೆತುಕ್ಕಿನ ಶಿಲೀಂಧ್ರದಲ್ಲಿ ಬೇರೆ ಬೇರೆ ಒಳಬಗೆಗಳಿವೆ ಎಂಬುದನ್ನು ಡಬ್ಲ್ಯು. ಡಬ್ಲ್ಯು. ಮೇಯ್ನ್ ತೋರಿಸಿಕೊಟ್ಟದ್ದು ಇಲ್ಲಿಂದಲೇ. 1940ರ ದಶಕದಲ್ಲಿ ಇಲ್ಲಿಂದ ಬಿಡುಗಡೆಯಾದ ಎಸ್.795 ಎಂಬ ಅರೇಬಿಕಾ ತಳಿ ಇಂದಿಗೂ ಕರ್ನಾಟಕದ ತೋಟಗಳಲ್ಲಿ ವ್ಯಾಪಕವಾಗಿದೆ. ಆ ಹೊತ್ತಿಗೆ ಕೋಲ್ಮನ್ ಇಲ್ಲಿರಲಿಲ್ಲ, ಅವರು ಕಟ್ಟಿದ ಕೇಂದ್ರ ಇತ್ತು.

ಶ್ರೀಗಂಧದ ಸ್ಪೈಕ್ ರೋಗದ ಮೇಲೂ ಅವರು ಕೆಲಸ ಮಾಡಿದರು. ಕಸಿ ಕಟ್ಟಿದರೆ ರೋಗ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುತ್ತದೆ ಎಂಬುದು ಅವರ ಪ್ರಯೋಗಗಳಿಂದ ತಿಳಿಯಿತು. ಜೋಳದ ಹೊಲಗಳನ್ನು ಬೋಳಿಸುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಜೀವನಕ್ರಮವನ್ನು 1911ರ ಪುಸ್ತಿಕೆಯಲ್ಲಿ ವಿವರಿಸಿದರು. ಸ್ಪೇನಿನ ಕೀಟತಜ್ಞ ಬೊಲಿವಾರ್ ಆ ಮಿಡತೆಯ ಕುಲಕ್ಕೆ ಕೋಲ್ಮನ್ನರ ಹೆಸರಿನಿಂದಲೇ ಕೋಲ್ಮೇನಿಯಾ ಎಂದು ಹೆಸರಿಟ್ಟರು.

ಕೀಟಗಳ ಅಧ್ಯಯನದಲ್ಲಿ ಕೋಲ್ಮನ್ನರಿಗೆ ಜೊತೆಯಾದವರು ಕೆ. ಕುಂಞಿಕಣ್ಣನ್. ಇವರು ಇನ್ನೂ ಹೆಚ್ಚು ಮರೆತುಹೋದವರು. ಕಣ್ಣೂರು ಸೀಮೆಯಿಂದ ಬಂದು ಕೋಲ್ಮನ್ನರ ಸಹಾಯಕರಾಗಿ ಸೇರಿದರು, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು, ಮೈಸೂರಿನ ಕೀಟತಜ್ಞರ ಹುದ್ದೆಗೆ ಏರಿದ ಮೊದಲ ಭಾರತೀಯರಾದರು. ಪಾಶ್ಚಾತ್ಯ ನಾಗರಿಕತೆಯನ್ನು ವಿಮರ್ಶಿಸಿ ಪುಸ್ತಕವನ್ನೂ ಬರೆದ ಅವರು 1931ರಲ್ಲಿ ತೀರಿಕೊಂಡಾಗ ಐವತ್ತೂ ತುಂಬಿರಲಿಲ್ಲ. ಶಿಲೀಂಧ್ರ ರೋಗಗಳ ಅಧ್ಯಯನದಲ್ಲಿ ಜೊತೆಯಾದ ಎಂ. ಜೆ. ನರಸಿಂಹನ್ ಅವರ ಹೆಸರನ್ನೂ ಇಲ್ಲಿ ಸೇರಿಸಬೇಕು. ಕೋಲ್ಮನ್ನರನ್ನು ನೆನೆಯುವಾಗ ಎಲ್ಲವನ್ನೂ ಒಬ್ಬ ಬಿಳಿಯ ಸಾಹೇಬ ಮಾಡಿದರೆಂದು ಹೇಳಿದರೆ ಅದು ಇನ್ನೊಂದು ಮರೆವು. ಮಳೆಯಲ್ಲಿ ನೆನೆದು ಮರ ಹತ್ತಿ ಮದ್ದು ಹೊಡೆದ ಕೈಗಳಿಲ್ಲದೆ ಈ ಕಥೆಯೇ ಇಲ್ಲ. ಆ ಕೈಗಳ ಹೆಸರುಗಳು ಯಾವ ಪುಸ್ತಿಕೆಯಲ್ಲೂ ಸಿಗುವುದಿಲ್ಲ.

ಕೊನೆಯ ದೊಡ್ಡ ಕೆಲಸ ಮಂಡ್ಯದ್ದು. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಹರಿದುಬರುವ ಹೊತ್ತಿಗೆ ಆ ಭಾಗದ ಬಹುಪಾಲು ರೈತರು ಮಳೆ ನಂಬಿ ರಾಗಿ ಬೆಳೆಯುತ್ತಿದ್ದವರು. ನೀರು ಬಂದರೆ ಸಾಲದು, ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು, ಯಾರು ಕೊಳ್ಳುತ್ತಾರೆ ಎಂಬುದೂ ತಿಳಿಯಬೇಕಲ್ಲ. ನಾಲೆ ಬಯಲಿನ ಬೇಸಾಯ ತೋರಿಸಲು 1931ರಲ್ಲಿ ಮಂಡ್ಯದ ಬಳಿ ಕೃಷಿ ಕ್ಷೇತ್ರವೊಂದು ತಲೆಯೆತ್ತಿತು. ಇಂದು ಜನ ವಿ.ಸಿ. ಫಾರಂ ಎನ್ನುವುದು ಇದನ್ನೇ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಯೋಜನೆಯ ಹಿಂದೆಯೂ ಕೋಲ್ಮನ್ ಇದ್ದರು. ನೀರು, ಬೆಳೆ, ಕಾರ್ಖಾನೆ ಮೂರನ್ನೂ ಒಟ್ಟಿಗೆ ಯೋಚಿಸಿದ್ದರಿಂದ ಮಂಡ್ಯದ ಬದುಕಿನ ದಿಕ್ಕೇ ಬದಲಾಯಿತು. ಕಬ್ಬು ತಂದ ಸಮೃದ್ಧಿಯೂ, ನೀರಿಗಾಗಿ ಇಂದಿಗೂ ಮುಗಿಯದ ತಕರಾರೂ ಆ ಬದಲಾವಣೆಯ ಜೊತೆಗೇ ಬಂದವು.

ಊರಿಗೆ ಮರಳಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಟೊರಾಂಟೊದಲ್ಲಿ ಸಸ್ಯಕೋಶಗಳ ವರ್ಣತಂತುಗಳ ಅಧ್ಯಯನಕ್ಕೆ ತೊಡಗಿದರು. 1954ರಲ್ಲಿ ತೀರಿಕೊಂಡರು.

ಮಲೆನಾಡಿನ ತೋಟಗಳು ಇಂದು ಮತ್ತೆ ಕಂಗೆಟ್ಟಿವೆ. ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಿದೆ, ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿದೆ. ಶೃಂಗೇರಿ, ಹೊಸನಗರದ ಕಡೆ ಸೋಗೆ ಒಣಗಿ ನಿಂತ ಮರಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ವಿಜ್ಞಾನಿಗಳ ತಂಡಗಳು ಬರುತ್ತವೆ, ಮಾದರಿ ಕೊಂಡೊಯ್ಯುತ್ತವೆ, ವರದಿ ಬರೆಯುತ್ತವೆ. ಬೆಳೆಗಾರರು ಕೇಳುತ್ತಿರುವುದು ಮಳೆಗಾಲ ಪೂರ್ತಿ ತೋಟದ ಪಕ್ಕದಲ್ಲೇ ಇದ್ದು, ಒಂದು ವರ್ಷ ಕೈಕೊಟ್ಟದ್ದನ್ನು ಮರುವರ್ಷ ತಿದ್ದಿ, ಮದ್ದು ಸಿಗುವವರೆಗೆ ಜಾಗ ಬಿಡದ ಸಂಶೋಧಕರನ್ನು. ಅಂಥವರನ್ನು ಹಾಗೆ ಉಳಿಸಿಕೊಳ್ಳಲು ಬೇಕಾದ ಹುದ್ದೆ, ಹಣ ಮತ್ತು ತಾಳ್ಮೆಯನ್ನು ಸೀಮಿತ ಬೊಕ್ಕಸದ ಒಂದು ರಾಜ ಸಂಸ್ಥಾನ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟಿತ್ತು. ಇಂದಿನ ಸರ್ಕಾರಗಳು ಕೊಡದೆ ಇರುವುದಕ್ಕೆ ಕಾರಣವೇ ಇಲ್ಲ.