ಗೃಹಕೃತ್ಯ: ಕೌದಿಯ ತುಂಡುಗಳಿಗೊಂದು ಗೋಡೆಪರದೆ

ಉಟ್ಟು ಹಳತಾದ ಸೀರೆ ಧೋತರಗಳಿಂದ ಕೌದಿಯನ್ನು ಹೊಲಿಯುವುದು ನಮ್ಮ ನಾಡಿನ ಗೃಹಿಣಿಯರಿಗೆ ಹೊಸ ವಿದ್ಯೆಯಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆಯ ಸಿದ್ದಿ ಸ್ತ್ರೀಯರ ಕೌದಿಗಳಂತೂ ದೇಶಾಂತರಗಳಲ್ಲಿಯೂ ಪ್ರಶಂಸೆಯನ್ನು ಪಡೆದಿವೆ. ಅವರು ಅಂಚಿನಿಂದ ಆರಂಭಿಸಿ, ತುಂಡಿನ ಪಕ್ಕಕ್ಕೆ ತುಂಡನ್ನು ಕಣ್ಣಳತೆಯಿಂದಲೇ ಹಚ್ಚುತ್ತ ನಡುವಿಗೆ ಸಾಗುವರು. ಅವರಿಗೆ ನಕ್ಷೆ ಬೇಡ. ಆದರೆ ಚೌಕಗಳನ್ನು ಸಮನಾಗಿ ಕತ್ತರಿಸಿ, ಬಣ್ಣಕ್ಕೆ ಬಣ್ಣವನ್ನು ಹೊಂದಿಸಿ, ಸಾಲುಸಾಲಾಗಿ ಕೂಡಿಸಬೇಕೆಂದು ಹೊರಟವರಿಗೆ ಆ ಕಣ್ಣು ಒಮ್ಮೆಲೇ ಒಲಿಯುವಂಥದಲ್ಲ.

ನೆಲದ ಮೇಲೆ ಹರಡಿ ನೋಡಿದರಾಗದೇ ಎಂದು ಕೆಲವರು ಕೇಳಬಹುದು. ನೆಲದಲ್ಲಿ ಹರಡಿದಾಗ ಕಾಲ ಬಳಿಯ ತುಂಡುಗಳು ದೊಡ್ಡವಾಗಿಯೂ ಆಚೆಯವು ಚಿಕ್ಕವಾಗಿಯೂ ತೋರುವುದರಿಂದ ಒಟ್ಟು ಅಂದ ತಿಳಿಯದು. ಮಕ್ಕಳು ತುಳಿದಾಡುವರು, ಸಂಜೆಯ ಕಸ ಗುಡಿಸುವ ಹೊತ್ತಿಗೆ ಎಲ್ಲವನ್ನೂ ಬಳಿದಿಡಬೇಕು. ಹೊಲಿದಾದ ಮೇಲೆ ತಪ್ಪು ಕಂಡಿತೋ, ಪದರಗಳನ್ನೆಲ್ಲ ಹಿಡಿದ ಹೊಲಿಗೆಯನ್ನು ಬಿಚ್ಚುವಾಗ ಸವೆದ ಬಟ್ಟೆ ಹರಿಯುವುದು. ಆದುದರಿಂದ ಹೊಲಿಯುವುದಕ್ಕೆ ಮೊದಲೇ ಎದುರು ನಿಂತು ನೋಡುವ ಅನುಕೂಲವಿರಬೇಕು.

ಇದಕ್ಕೆ ಬೇಕಾಗುವ ಸಾಮಾನು ಸ್ವಲ್ಪವೇ. 5 ಅಡಿ ಅಗಲ, 7 ಅಡಿ ಉದ್ದದ ತಿಳಿಬಣ್ಣದ ಫ್ಲಾನೆಲ್ ಬಟ್ಟೆ. ಅಗಲ ಸಾಲದಿದ್ದರೆ ಎರಡು ಪಟ್ಟಿಗಳನ್ನು ಜೋಡಿಸಬಹುದು. ಮನೆಯಲ್ಲಿ ಬಿಳಿಯ ಹಳೆಯ ಉಣ್ಣೆಯ ಹೊದಿಕೆಯಿದ್ದರೆ ಆ ಖರ್ಚೂ ಇಲ್ಲ. ಇವುಗಳ ಮೈಮೇಲಿನ ಜುಂಗು ಹತ್ತಿಯ ತುಂಡನ್ನು ಹಿಡಿದುಕೊಳ್ಳುವುದು. ಅಂಗೈಯಿಂದ ಒತ್ತಿ ಸವರಿದರೆ ಸಾಕು. ಮೇಲೆ ಕೆಳಗೆ ಮಡಿಸಿ ಹೊಲಿದು, ಎರಡು ಕಡೆಗೂ ಬಿದಿರಿನ ಗಳವನ್ನು ತೂರಿಸತಕ್ಕದ್ದು. ಬಾಡಿಗೆಯ ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲದಿದ್ದರೆ ಕಿಟಕಿಯ ಸರಳಿಗೋ ಕಪಾಟಿನ ತಲೆಗೋ ಹಗ್ಗದಿಂದ ಕಟ್ಟಬಹುದು. ಕೆಳಗಿನ ಗಳವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಅದರ ಮೇಲೆ ಎರಡು ಇಟ್ಟಿಗೆಗಳನ್ನು ಹೇರಿದರೆ ಪರದೆ ಓರೆಯಾಗಿ ನಿಲ್ಲುವುದು, ತುಂಡುಗಳು ಜಾರಲಾರವು. ಫ್ಯಾನನ್ನು ಮಾತ್ರ ನಿಲ್ಲಿಸಿರಬೇಕು.

ರೇಷ್ಮೆಯೂ ನೈಲಾನೂ ಹೀಗೆ ಅಂಟಿಕೊಳ್ಳುವುದಿಲ್ಲ. ಇಳಕಲ್ಲಿನ ಸೀರೆಯ ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುವುದುಂಟು. ಅಂಥ ತುಂಡಿಗೆ ಗುಂಡುಸೂಜಿಯನ್ನು ಚುಚ್ಚಬೇಕು.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ. 5 ಇಂಚಿನ ಚೌಕವು ನಾಲ್ಕು ಕಡೆಯೂ ಕಾಲಿಂಚು ಹೊಲಿಗೆಗೆ ಹೋಗಿ ನಾಲ್ಕೂವರೆ ಇಂಚಾಗುವುದು. ಅಡ್ಡಲಾಗಿ 12, ಉದ್ದಕ್ಕೆ 16, ಒಟ್ಟು 192 ಚೌಕಗಳನ್ನು ಅಂಚಿಗೆ ಅಂಚು ತಾಗಿಸಿ ಇಟ್ಟರೆ 60 ಇಂಚು ಅಗಲ, 80 ಇಂಚು ಉದ್ದ ಕಾಣುವುದು. ಕೂಡಿಸಿ ಹೊಲಿದ ಮೇಲೆ ಸುಮಾರು 54 ಇಂಚು ಅಗಲ, 72 ಇಂಚು ಉದ್ದವೇ ಉಳಿಯುವುದು. ಆದಕಾರಣ ಪರದೆಯ ಮೇಲೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಅರ್ಧ ಇಂಚು ಏರಿಸಿ ಇಡತಕ್ಕದ್ದು. ಆಗ ಕಣ್ಣಿಗೆ ಕಂಡದ್ದೇ ಕೈಗೆ ಬರುವುದು.

ಎಲ್ಲವನ್ನೂ ಇಟ್ಟಾದ ಮೇಲೆ ಏಳೆಂಟು ಅಡಿ ಹಿಂದೆ ಸರಿದು, ಕಣ್ಣನ್ನು ಅರೆಮುಚ್ಚಿ ನೋಡಬೇಕು. ಆಗ ಬಣ್ಣದ ಹೆಸರು ಮರೆತು ಬೆಳಕು ನೆರಳುಗಳಷ್ಟೇ ಉಳಿಯುವುವು. ಕಪ್ಪು ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಥಟ್ಟನೆ ತೋರುವುದು. ಮೊಬೈಲಿನಲ್ಲಿ ಕಪ್ಪು ಬಿಳುಪಿನ ಚಿತ್ರವನ್ನು ತೆಗೆದರೂ ಅದೇ ಫಲ. ಹಗಲಿನಲ್ಲೊಮ್ಮೆ, ದೀಪದಲ್ಲೊಮ್ಮೆ ನೋಡುವುದು ಒಳ್ಳೆಯದು. ಒಂದೆರಡು ದಿನ ಹಾಗೆಯೇ ಬಿಟ್ಟರೆ ಹೋಗುತ್ತ ಬರುತ್ತ ಅತ್ತೆಯವರೋ ಮಗಳೋ ಒಂದು ತುಂಡನ್ನು ಅದಲುಬದಲು ಮಾಡುವರು, ಮಾಡಲಿ. ನೆಂಟರು ಬಂದರೆ ಮೇಲೊಂದು ಹಳೆಯ ಪಂಚೆಯನ್ನು ಹೊದಿಸಿ, ಅಲ್ಲಲ್ಲಿ ಗುಂಡುಸೂಜಿ ಚುಚ್ಚಿ, ಗಳಕ್ಕೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಬಹುದು.

ತೆಗೆಯುವಾಗ ಎಡದಿಂದ ಬಲಕ್ಕೆ ಒಂದೊಂದು ಸಾಲನ್ನು ದಾರದಲ್ಲಿ ಪೋಣಿಸಿ, ಸಾಲಿನ ಸಂಖ್ಯೆ ಬರೆದ ಚೀಟಿಯನ್ನು ಕಟ್ಟಿಟ್ಟರೆ ಕ್ರಮ ತಪ್ಪದು.

ಕೌದಿಗೆ ಬರುವ ಬಟ್ಟೆಗಳಲ್ಲಿ ಕಾಲವಾದ ತಾಯಿಯ ಸೀರೆಯೋ ಅಜ್ಜನ ರುಮಾಲೋ ಇರುವುದುಂಟು. ಅಂಥದನ್ನು ಮೊದಲೇ ಕತ್ತರಿಸಬಾರದೆಂದು ನಮ್ಮ ಸೂಚನೆ. ಅದೇ ಬಣ್ಣದ ಕಾಗದದ ಚೌಕಗಳನ್ನು ಪರದೆಗೆ ಚುಚ್ಚಿ, ಎಷ್ಟು ಬೇಕು, ಎಲ್ಲಿ ಒಪ್ಪುವುದು ಎಂಬುದನ್ನು ನಿಶ್ಚಯಿಸಿಕೊಂಡ ಮೇಲೆ ಕತ್ತರಿಯನ್ನು ಹಿಡಿಯಿರಿ. ಬೇರೆ ಬಟ್ಟೆ ಕೆಟ್ಟರೆ ಇನ್ನೊಂದು ದೊರೆತೀತು. ಆ ಸೀರೆ ಯಾವ ಅಂಗಡಿಯಲ್ಲಿಯೂ ದೊರೆಯದು.