ಯೋಗದ ಚಾಪೆ, ವಿಕಿರಣದ ಕೋಣೆ

ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರವು ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದೊಡನೆ ಸೇರಿ ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 191 ಮಹಿಳೆಯರಲ್ಲಿ ಒಂದು ಗುಂಪಿಗೆ ಆರು ವಾರ ಯೋಗ, ಇನ್ನೊಂದಕ್ಕೆ ಮೈ ಸಡಿಲಿಸುವ ಸರಳ ವ್ಯಾಯಾಮ, ಮೂರನೆಯದಕ್ಕೆ ಎರಡೂ ಇಲ್ಲ. ಯೋಗ ಮಾಡಿದವರ ದೈಹಿಕ ಕ್ಷಮತೆ ಚಿಕಿತ್ಸೆ ಮುಗಿದ ತಿಂಗಳುಗಳಲ್ಲಿ ಉಳಿದವರಿಗಿಂತ ಹೆಚ್ಚು ಸುಧಾರಿಸಿತು. ಆಯಾಸವಾದರೋ ಸರಳ ವ್ಯಾಯಾಮದವರಲ್ಲೂ ತಗ್ಗಿತು. ನಿದ್ರೆಯಲ್ಲಿ, ಮಾನಸಿಕ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಡ್ಡೆ ಕರಗಿತೇ ಎಂಬುದು ಆ ಅಧ್ಯಯನದ ಪ್ರಶ್ನೆಯೇ ಆಗಿರಲಿಲ್ಲ.

ಅನಿವಾಸಿ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಿಗೆ ಬರುವಷ್ಟರಲ್ಲಿ, ಜೂನ್ 21ರ ಆಸುಪಾಸಿನಲ್ಲಂತೂ, ಇಂಥ ಫಲಿತಾಂಶ ‘ಯೋಗದಿಂದ ಕ್ಯಾನ್ಸರ್ ವಾಸಿ’ ಎಂದಾಗಿರುತ್ತದೆ. ಹೆಮ್ಮೆ ಇಲ್ಲಿಯವರದು, ಬೆಲೆ ತೆರುವವಳು ಊರಿನಲ್ಲಿರುವ ಅಕ್ಕನೋ ಅತ್ತಿಗೆಯೋ. ಕಿಮೋಥೆರಪಿಗೆ ಹೆದರಿ ಕುಳಿತವಳಿಗೆ ವಿದೇಶದ ಸಂದೇಶ ವೈದ್ಯರ ಮಾತಿಗಿಂತ ಭಾರ. ರೂಢಿಯ ಚಿಕಿತ್ಸೆ ತೊರೆದು ಪರ್ಯಾಯ ಪದ್ಧತಿಗಳನ್ನಷ್ಟೇ ನೆಚ್ಚಿದ ಸ್ತನ ಕ್ಯಾನ್ಸರ್ ರೋಗಿಗಳ ಸಾವಿನ ಅಪಾಯ ಐದು ಪಟ್ಟಿಗೂ ಹೆಚ್ಚೆಂದು ಅಮೆರಿಕದ ಯೇಲ್ ಸಂಶೋಧಕರ 2018ರ ವಿಶ್ಲೇಷಣೆ ತೋರಿಸಿದೆ.

ಇತ್ತ, ಯೋಗವೆಂದರೆ ಸರ್ಕಾರಿ ಪ್ರಚಾರವೆಂದು ಮೂಗು ಮುರಿಯುವ ಪ್ರಗತಿಪರರೂ ಕಡಿಮೆಯಿಲ್ಲ. ಬಸವಳಿದ ದೇಹಕ್ಕೆ ಸಿಗುವ ಅಷ್ಟಿಷ್ಟು ಉಪಶಮನ ಯಾವ ಪಕ್ಷದ ಆಸ್ತಿಯೂ ಅಲ್ಲ. ಅದನ್ನು ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳಲ್ಲೇ, ಚಿಕಿತ್ಸೆಯ ಜೊತೆಜೊತೆಗೆ, ಉಚಿತವಾಗಿ, ನುರಿತ ಶಿಕ್ಷಕರು ಕಲಿಸಬೇಕೆಂದು ಅವರು ಒತ್ತಾಯಿಸಬೇಕಿತ್ತು. ಶಸ್ತ್ರಚಿಕಿತ್ಸೆಯ ಬಳಿಕ ತೋಳೆತ್ತಲೂ ಆಗದವಳು ಈಗ ಟಿ.ವಿ. ನೋಡಿಕೊಂಡು ಆಸನ ಹಾಕುತ್ತಿದ್ದಾಳೆ.